ಬೀಳುವ ಪಾಠ

ಬುಧವಾರ ಹತ್ತೂವರೆಗೆ ನಮಗೆ ಬೀಳುವ ಪಾಠ.
ಡೊಕ್ಕಮ್ ಊರಿನ ಶಾಲೆಯ ವ್ಯಾಯಾಮದ ಕೋಣೆ,
ಮಕ್ಕಳ ಬೆವರು, ರಬ್ಬರಿನ ವಾಸನೆ,
ನೆಲದ ತುಂಬ ನೀಲಿ ಮೆತ್ತೆ.
ಹನ್ನೊಂದು ಜನ. ಎಲ್ಲರ ಸ್ವಂತ ಹಲ್ಲು ಕೂಡಿಸಿದರೆ
ನಾಲ್ಕು ಬಾಯಿ ತುಂಬೀತು.

ಕಲಿಸುವವಳು ನಿಂಕೆ, ಇಪ್ಪತ್ತಾರು ವರ್ಷ.
ಮೊದಲ ದಿನವೇ ಅಂದಳು:
"ಬೀಳಬೇಡಿ ಅನ್ನುವುದಕ್ಕೆ ನಿಮ್ಮ ಮಕ್ಕಳಿದ್ದಾರೆ.
ನಾನು ಹೇಳುವುದು, ಬೀಳಿ. ಚೆನ್ನಾಗಿ ಬೀಳಿ."

ನಾನು ವೊಬ್ಬೆ. ಎಪ್ಪತ್ತೆಂಟು.
ಕಾಲುವೆಯ ಎತ್ತುಸೇತುವೆಗೆ
ಮೂವತ್ತೊಂಬತ್ತು ವರ್ಷ ಕಾವಲುಗಾರ.
ದೋಣಿ ಬಂದರೆ ಎತ್ತು, ಹೋದರೆ ಇಳಿಸು.
ಒಂದು ಸಲವೂ ಅದನ್ನು ಬೀಳಲು ಬಿಟ್ಟವನಲ್ಲ.
ಹೋದ ಚಳಿಗಾಲ ಬಚ್ಚಲಲ್ಲಿ, ಸೋಪಿನ ಮೇಲೆ ಕಾಲಿಟ್ಟು,
ದಿಮ್ಮಿಯ ಹಾಗೆ ನೆಟ್ಟಗೆ ಹೋದೆ.
ಮಣಿಕಟ್ಟು ಮುರಿಯಿತು. ಅದು ಕೂಡಿಕೊಂಡಿತು.
ಒಳಗೊಂದು ಮುರಿದದ್ದು ಕೂಡಲಿಲ್ಲ:
ಹೊಸಿಲು ಕಂಡರೆ ಹೆದರಿಕೆ, ಮೆಟ್ಟಿಲು ಕಂಡರೆ ಹೆದರಿಕೆ,
ಅಂಗಡಿಗೆ ನೂರು ಹೆಜ್ಜೆ, ಅದೂ ಬೇಡವಾಗಿ
ಬ್ರೆಡ್ಡನ್ನು ಮನೆಗೇ ತರಿಸಿಕೊಂಡೆ.
ನೋಡನೋಡುತ್ತ ತೊಡೆ ಎರಡೂ ಕರಗಿದವು
ತೇವಕ್ಕೆ ಉಪ್ಪಿನ ಮೂಟೆ ಕರಗಿದಂತೆ.
ಬೀಳದೆ ಇರಲೆಂದು ಕೂತೆ.
ಕೂತು ಕೂತೇ ಬಿದ್ದುಹೋದೆ.
ಮಗಳು ಊರುಗೋಲು ತಂದಳು,
ಡಾಕ್ಟರು ಈ ವಿಳಾಸ ಬರೆದುಕೊಟ್ಟರು.

ಪಾಠ ಹೀಗೆ: ಗದ್ದ ಎದೆಗೆ.
ಕೈ ಚಾಚಬೇಡ, ಅದು ಹಳೆಯ ಚಾಳಿ,
ಭೂಮಿಯನ್ನು ತಡೆಯಲು ಯಾರಿಂದಾಯಿತು?
ಮೊಣಕಾಲು ಮಡಿಸು, ಒಂದು ಪಕ್ಕಕ್ಕೆ ವಾಲು,
ಸೊಂಟದ ಮಾಂಸ, ಬೆನ್ನಿನ ಓರೆ, ಭುಜ,
ಒಂದಾದ ಮೇಲೊಂದು ನೆಲಕ್ಕೆ ಒಪ್ಪಿಸು,
ಸಾಲವನ್ನು ಕಂತಿನಲ್ಲಿ ತೀರಿಸಿದ ಹಾಗೆ.

ಹಾಲಿನ ಡೇರಿಯ ತ್ಯೇರ್ಡ್ ಬಿದ್ದರೆ ಕಿಟಕಿ ನಡುಗುತ್ತದೆ.
ಎದ್ದವನೇ ಮೀಸೆ ಮುಟ್ಟಿಕೊಳ್ಳುತ್ತಾನೆ
ಮಣ್ಣಾಯಿತೋ ಏನೋ ಎಂದು.
ಹಿಸ್ಕೆ ಮಾತ್ರ ಬೀಳಲೊಲ್ಲಳು. ಎಂಬತ್ತೊಂದು.
ಆರು ವಾರ ಮೆತ್ತೆಯ ಅಂಚಿಗೆ ನಿಂತು
ಕೋಟಿನ ಗುಂಡಿ ಬಿಚ್ಚಿ, ಹಾಕಿ, ಬಿಚ್ಚಿ,
"ನೀವು ಬೀಳಿ, ನಾನು ನೋಡುತ್ತೇನೆ" ಎಂದಳು.
ನಿಂಕೆ ಒತ್ತಾಯಿಸಲಿಲ್ಲ. ಕಾಫಿ ಕೊಟ್ಟಳು.

ಮನೆಗೆ ಹೋಗುತ್ತ ಎಣಿಸಿದೆ,
ಈ ಆಯುಸ್ಸಿನಲ್ಲಿ ಏನೆಲ್ಲ ಬಿತ್ತು.
ಹಲ್ಲು ಬಿತ್ತು. ಹಾಲಿನ ಬೆಲೆ ಬಿತ್ತು.
ಇಸ್ಪೀಟಿನ ಗೀಳಿಗೆ ಬಿದ್ದೆ, ಒಬ್ಬಳ ಕಣ್ಣಿಗೆ ಬಿದ್ದೆ,
ಅವಳೊಡನೆ ಜಗಳಕ್ಕೆ ಬಿದ್ದೆ,
ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿ
ಬೇರೆ ಬೇರೆ ಕನಸು ಬಿದ್ದವು.
ಆಮೇಲೆ ಅರ್ಧ ಮನೆಗೆ ಬೀಗ ಬಿತ್ತು.
ಒಂದನ್ನೂ ಯಾರೂ ಮೊದಲೇ ಕಲಿಸಿರಲಿಲ್ಲ.

ನವೆಂಬರ್. ಕಾಲುವೆಯ ದಂಡೆ. ನೆನೆದ ಎಲೆ.
ಎಡಗಾಲು ತನ್ನ ಪಾಡಿಗೆ ತಾನು ಹೊರಟಿತು.
ನನಗೆ ಯೋಚಿಸಲು ಹೊತ್ತಿರಲಿಲ್ಲ; ಮೈ ಯೋಚಿಸಿತು:
ಗದ್ದ, ಮೊಣಕಾಲು, ಸೊಂಟ, ಬೆನ್ನು, ಭುಜ.
ಚೀಲದ ಆರು ಮೊಟ್ಟೆಯಲ್ಲಿ ಐದು ಹೋದವು.
ನಾನು ಉಳಿದೆ.
ಬೇಸರವೆಂದರೆ, ಇಷ್ಟು ಚೆಂದ ಬಿದ್ದದ್ದನ್ನು ನೋಡಲು
ಒಂದು ನರಪಿಳ್ಳೆಯೂ ಇರಲಿಲ್ಲ.
ಸ್ವಲ್ಪ ಹೊತ್ತು ಹಾಗೇ ಮಲಗಿದೆ.
ಮರವನ್ನು ಬುಡದಿಂದ ನೋಡಿ ಎಷ್ಟು ವರ್ಷವಾಗಿತ್ತು!
ಮೇಲೊಂದು ಖಾಲಿ ಗೂಡು,
ಅದಕ್ಕೆ ಸಿಕ್ಕಿಕೊಂಡ ಯಾರದೋ ಕೆಂಪು ದಾರ.

ಸೈಕಲ್ಲಿನ ಹುಡುಗ ಬ್ರೇಕು ಹಾಕಿ ಓಡಿ ಬಂದ,
ಕೈ ಚಾಚಿದ. "ಇರಪ್ಪಾ," ಅಂದೆ,
"ಪಾಠದ ಇನ್ನರ್ಧ ಬಾಕಿಯಿದೆ."
ಮಗ್ಗುಲಾಗಿ, ಅಂಬೆಗಾಲಿಗೆ ಬಂದು,
ಬೆಂಚು ಹಿಡಿದು, ಒಂದು ಮಂಡಿ, ಇನ್ನೊಂದು ಪಾದ,
ಕಿರುಗುಟ್ಟುತ್ತ ಮೇಲೆದ್ದೆ,
ಹಳೆಯ ಸೇತುವೆ ಎದ್ದಂತೆ.
ಹುಡುಗ ಗಡಿಯಾರ ನೋಡಿಕೊಂಡ. ಪಾಪ, ಶಾಲೆಗೆ ತಡವಾಗಿತ್ತು.

ಬುಧವಾರ ಈ ಕಥೆ ಹೇಳಿದೆ. ತ್ಯೇರ್ಡ್ ನಂಬಲಿಲ್ಲ.
ಹಿಸ್ಕೆ ಕೇಳಿದಳು, "ಉಳಿದ ಒಂದು ಮೊಟ್ಟೆ?"
"ಬೇಯಿಸಿ ತಿಂದೆ."
ಅವಳು ಕೋಟು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು,
ಕನ್ನಡಕವನ್ನು ಕೋಟಿನ ಮೇಲಿಟ್ಟು,
ಮೆತ್ತೆಯ ನಡುವಿಗೆ ಬಂದು ನಿಂತಳು.
ಗದ್ದ ಎದೆಗೆ.